ಮೀನಿನ ತೊಟ್ಟಿಗೊಂದು ಆಸರೆ ತೊಟ್ಟಿ



ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವ ಹವ್ಯಾಸ ನಿಮ್ಮಲ್ಲಿ ಹಲವರಿಗೆ ಇರಬಹುದು. ಹೊಸದಾಗಿ ತಂದ ಮೀನುಗಳು ಮೊದಲ ಕೆಲವು ದಿನ ಲವಲವಿಕೆಯಿಂದ ಓಡಾಡುತ್ತವೆ. ಆಮೇಲೆ ಒಂದೊಂದಾಗಿ ಮೇಲಕ್ಕೆ ಬಂದು ಬಾಯಿ ತೆರೆಯುತ್ತವೆ, ಒಂದು ಬೆಳಗ್ಗೆ ಸತ್ತು ತೇಲುತ್ತವೆ. ನೀರು ಮಾತ್ರ ತಿಳಿಯಾಗಿಯೇ ಇರುತ್ತದೆ. ತಿಳಿನೀರಿನಲ್ಲಿ ಮೀನು ಸಾಯುವುದೇಕೆ? ಅದನ್ನು ತಡೆಯಲು ಕಡಿಮೆ ಖರ್ಚಿನ ಉಪಾಯವೇನಾದರೂ ಉಂಟೆ? ಈ ಎರಡು ಪ್ರಶ್ನೆಗಳೇ ಇಂದಿನ ಮಾತಿನ ವಿಷಯ. ಪರದೆಯ ಮೇಲೆ ಅಳತೆಗಳು ಕ್ಷಣದಲ್ಲಿ ಸರಿದುಹೋಗುತ್ತವೆ. ಆದ್ದರಿಂದ ಅವನ್ನು ಇಲ್ಲಿ ಬರೆದೇ ಕೊಡುತ್ತಿದ್ದೇನೆ.

ಮೀನು ತಿಂದದ್ದರಲ್ಲಿ ಒಂದು ಭಾಗ ಅಮೋನಿಯವಾಗಿ ಅದರ ಕಿವಿರುಗಳಿಂದಲೇ ಹೊರಬರುತ್ತದೆ. ಉಳಿದ ಆಹಾರ ಕೊಳೆತಾಗಲೂ ಅಮೋನಿಯವೇ ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ಕಣ್ಣಿಗೆ ಕಾಣುವುದಿಲ್ಲ, ಆದರೆ ಮೀನಿಗೆ ವಿಷ. ನೀರಿನ ಕ್ಷಾರತೆ ಹೆಚ್ಚಿದಷ್ಟೂ ವಿಷದ ತೀವ್ರತೆ ಹೆಚ್ಚು. ಸಮುದ್ರದ ನೀರಿನ ಪಿ.ಎಚ್. ಸುಮಾರು 8.1. ಹಾಗಾಗಿ ಕಡಲ ಮೀನಿನ ತೊಟ್ಟಿಯಲ್ಲಿ ಅಪಾಯ ಇನ್ನೂ ಹೆಚ್ಚು.

ಪ್ರಕೃತಿಯಲ್ಲಿ ಈ ವಿಷವನ್ನು ಕಳೆಯುವವರು ಬ್ಯಾಕ್ಟೀರಿಯಗಳು. ಒಂದು ಗುಂಪು ಅಮೋನಿಯವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ರಷ್ಯದ ವಿಜ್ಞಾನಿ ಸೆರ್ಗೆಯ್ ವಿನೊಗ್ರಾಡ್‌ಸ್ಕಿ 1890ರ ಸುಮಾರಿಗೆ ಇವುಗಳನ್ನು ಬೇರ್ಪಡಿಸಿ ತೋರಿಸಿದರು. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಗಳು ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಮೊದಲ ದಿನವೇ ಹತ್ತು ಮೀನು ತಂದು ಬಿಟ್ಟರೆ ಅವು ಸಾಯುವುದು ಈ ಕಾರಣಕ್ಕೇ.

ಆದರೆ ಕಥೆ ಇಲ್ಲಿಗೇ ಮುಗಿಯುವುದಿಲ್ಲ. ನೈಟ್ರೇಟ್ ಅಷ್ಟು ವಿಷವಲ್ಲವಾದರೂ ದಿನೇ ದಿನೇ ಸೇರುತ್ತಲೇ ಹೋಗುತ್ತದೆ. ಅದನ್ನು ಕಳೆಯಲು ನೀರು ಬದಲಿಸಬೇಕು, ಇಲ್ಲವೇ ಅದನ್ನು ಉಣ್ಣುವ ಯಾರಾದರೂ ಬೇಕು. ಗದ್ದೆಯ ಪೈರು ಯೂರಿಯದಿಂದ ಬೆಳೆಯುವುದನ್ನು ನೀವು ಕಂಡಿದ್ದೀರಿ. ಮೀನಿನ ಹೊಲಸೂ ಗಿಡಕ್ಕೆ ಗೊಬ್ಬರವೇ. ಆದರೆ ಗಿಡವನ್ನು ಮೀನಿನ ತೊಟ್ಟಿಯಲ್ಲೇ ಬೆಳೆಸಿದರೆ ಹಲವು ಮೀನುಗಳು ಅದನ್ನೇ ಮೇಯುತ್ತವೆ. ಆದ್ದರಿಂದ ಗಿಡಕ್ಕೂ ಸಣ್ಣ ಜೀವಿಗಳಿಗೂ ಬೇರೊಂದು ತೊಟ್ಟಿ ಕೊಟ್ಟು, ಎರಡರ ನೀರನ್ನೂ ಒಂದೇ ಮಾಡುವುದು. ಈ ಎರಡನೆಯ ತೊಟ್ಟಿಗೆ 'ರೆಫ್ಯೂಜಿಯಂ' ಎಂದು ಹೆಸರು. ನಾವು ಆಸರೆ ತೊಟ್ಟಿ ಎನ್ನೋಣ.

ಇಂಥ ಆಸರೆಗಳು ನಿಸರ್ಗದಲ್ಲಿ ಮೊದಲಿನಿಂದಲೂ ಇವೆ. ಕುಮಟಾ ಬಳಿಯ ಅಘನಾಶಿನಿ ಅಳಿವೆಯಲ್ಲಿ ಕಾಂಡ್ಲ ಗಿಡಗಳ ಬೇರುಗಳ ನಡುವೆ ಮೀನು, ಸಿಗಡಿಗಳ ಮರಿಗಳು ದೊಡ್ಡ ಮೀನುಗಳ ಬಾಯಿಗೆ ಸಿಗದೆ ಬೆಳೆಯುತ್ತವೆ. ಈ ಅಳಿವೆ 2024ರಲ್ಲಿ ರಾಮ್‌ಸರ್ ಪಟ್ಟಿಗೆ ಸೇರಿತು. ಒಳನಾಡಿನವರು ಅಷ್ಟು ದೂರ ಹೋಗಬೇಕಿಲ್ಲ. ಹೊಳೆನರಸೀಪುರದ ಪಕ್ಕದಲ್ಲೇ ಹರಿಯುವ ಹೇಮಾವತಿಯ ದಡದಲ್ಲಿಯೋ ನಿಮ್ಮೂರ ಕೆರೆಯ ಅಂಗಳದಲ್ಲಿಯೋ ಜೊಂಡು ಬೆಳೆದ ಕಡೆ ನಿಂತು ನೋಡಿ. ಜೊಂಡು ನೀರಿನ ವೇಗ ತಗ್ಗಿಸಿ ಹೂಳನ್ನು ತಡೆಯುತ್ತದೆ, ಗದ್ದೆಯಿಂದ ಬಸಿದು ಬಂದ ಗೊಬ್ಬರವನ್ನು ಹೀರುತ್ತದೆ, ಮರಿಗಳಿಗೆ ಮರೆಯಾಗುತ್ತದೆ. ನಾವು ಮಾಡಹೊರಟದ್ದು ಅದರದೇ ಪುಟ್ಟ ನಕಲು.

ಕಟ್ಟುವ ಬಗೆ

ನಮ್ಮ ದೊಡ್ಡ ತೊಟ್ಟಿ 60 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್ ಅಗಲ, ಅದರಲ್ಲಿ 30 ಸೆಂಟಿಮೀಟರ್ ನೀರು ಎಂದುಕೊಳ್ಳಿ. ಗುಣಿಸಿದರೆ 54 ಲೀಟರ್. ಆಸರೆ ತೊಟ್ಟಿಗೆ ಗಾಜೇ ಬೇಕೆಂದಿಲ್ಲ. ಆಹಾರ ಪದಾರ್ಥ ಇಡಲು ಯೋಗ್ಯವಾದ ಪ್ಲಾಸ್ಟಿಕ್ ಡಬ್ಬ ಸಾಕು. 40 ಸೆಂಟಿಮೀಟರ್ ಉದ್ದ, 25 ಅಗಲದ ಡಬ್ಬದಲ್ಲಿ 20 ಸೆಂಟಿಮೀಟರ್ ನೀರು ನಿಂತರೆ 20 ಲೀಟರ್ ಆಯಿತು. 20 ಲೀಟರ್ ನೀರು ಎಂದರೆ 20 ಕಿಲೋ ತೂಕ. ಅದನ್ನು ಹೊರುವ ಗಟ್ಟಿ ಹಲಗೆಯ ಮೇಲೆ, ದೊಡ್ಡ ತೊಟ್ಟಿಗಿಂತ ಎತ್ತರದಲ್ಲಿ ಇದನ್ನು ಇಡಬೇಕು.

ಡಬ್ಬದ ಒಂದು ಪಕ್ಕದಲ್ಲಿ, ಅಂಚಿನಿಂದ ಐದು ಸೆಂಟಿಮೀಟರ್ ಕೆಳಗೆ ತೂತು ಕೊರೆದು, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಟ್ಯಾಂಕ್ ನಿಪ್ಪಲ್ ಕೂರಿಸಿ. ಅಲ್ಲಿಂದ ಒಂದಿಂಚಿನ ಪೈಪು ದೊಡ್ಡ ತೊಟ್ಟಿಗೆ ಇಳಿಯಲಿ. ದೊಡ್ಡ ತೊಟ್ಟಿಯಲ್ಲಿ ಮುಳುಗಿಸಿದ ಸಣ್ಣ ಪಂಪು ಗಂಟೆಗೆ 100ರಿಂದ 200 ಲೀಟರ್ ನೀರನ್ನು ತೆಳು ಕೊಳವೆಯಲ್ಲಿ ಮೇಲಕ್ಕೆ ಕಳಿಸುತ್ತದೆ. ಹೆಚ್ಚಾದ ನೀರು ತಾನಾಗಿ ಕೆಳಗಿಳಿಯುತ್ತದೆ. ಇಳಿಯುವ ಪೈಪು ಏರುವ ಕೊಳವೆಗಿಂತ ದಪ್ಪವಾಗಿರಲೇಬೇಕು. ಹಿತ್ತಾಳೆ, ತಾಮ್ರದ ಭಾಗಗಳು ಬೇಡ. ತಾಮ್ರ ಕರಗಿ ಬಂದರೆ ಸಿಗಡಿಯಂಥ ಬೆನ್ನೆಲುಬಿಲ್ಲದ ಜೀವಿಗಳು ಉಳಿಯುವುದಿಲ್ಲ.

ಆಸರೆ ತೊಟ್ಟಿ ಮೇಲೇ ಏಕಿರಬೇಕು? ಅಲ್ಲಿ ಹುಟ್ಟಿದ ಸಣ್ಣ ಜೀವಿಗಳು ಪಂಪಿಗೆ ಸಿಕ್ಕಿ ನಜ್ಜುಗುಜ್ಜಾಗದೆ ನೀರಿನೊಂದಿಗೆ ಜಾರಿ ಬಂದು ಮೀನಿಗೆ ಆಹಾರವಾಗುತ್ತವೆ.

ಕರೆಂಟ್ ಹೋದರೆ?

ನಮ್ಮ ಕಡೆ ಮೊದಲು ಕೇಳಬೇಕಾದ ಪ್ರಶ್ನೆ ಇದೇ. ಪಂಪು ನಡೆಯುವಾಗ ಆಸರೆ ತೊಟ್ಟಿಯ ನೀರು ತೂತಿನ ಕೆಳ ಅಂಚಿಗಿಂತ ಒಂದೆರಡು ಸೆಂಟಿಮೀಟರ್ ಮೇಲಿರುತ್ತದೆ. ಪಂಪು ನಿಂತರೆ ಅಷ್ಟು ನೀರು ಮಾತ್ರ ಕೆಳಗಿಳಿಯುತ್ತದೆ. ಡಬ್ಬದ ಮೇಲ್ಮೈ 1,000 ಚದರ ಸೆಂಟಿಮೀಟರ್. ಎರಡು ಸೆಂಟಿಮೀಟರ್ ಎಂದರೆ ಎರಡು ಲೀಟರ್. ಅದು 1,800 ಚದರ ಸೆಂಟಿಮೀಟರಿನ ದೊಡ್ಡ ತೊಟ್ಟಿಗೆ ಬಂದರೆ ಮಟ್ಟ ಏರುವುದು ಸುಮಾರು 1.1 ಸೆಂಟಿಮೀಟರ್. ಮೇಲೆ ಮೂರು ಸೆಂಟಿಮೀಟರ್ ಖಾಲಿ ಬಿಟ್ಟಿದ್ದರೆ ಒಂದು ಹನಿಯೂ ನೆಲಕ್ಕೆ ಬೀಳದು.

ಇನ್ನೆರಡು ಎಚ್ಚರಿಕೆ. ಏರುವ ಕೊಳವೆಯ ತುದಿ ನೀರಿನಲ್ಲಿ ಮುಳುಗಿರಬಾರದು. ಮುಳುಗಿದ್ದರೆ ಪಂಪು ನಿಂತಾಗ ಸೈಫನ್ ಆಗಿ ನೀರು ಅದೇ ದಾರಿಯಲ್ಲಿ ಹಿಂದಕ್ಕೆ ಇಳಿಯುತ್ತದೆ. ಎರಡನೆಯದು, ಪಾಚಿ ಸಿಕ್ಕಿ ಇಳಿಯುವ ಪೈಪು ಕಟ್ಟಿಕೊಳ್ಳಬಹುದು. ಆದ್ದರಿಂದ ಅದರ ಬಾಯಿಗೆ ಪ್ಲಾಸ್ಟಿಕ್ ಜಾಲರಿ ಹಾಕಿ. ಪಂಪನ್ನು ತಳದಲ್ಲಿ ಇಡದೆ ನೀರಿನ ಮಟ್ಟದಿಂದ ಐದು ಸೆಂಟಿಮೀಟರ್ ಕೆಳಗಷ್ಟೇ ಕೂರಿಸಿ. ಎಲ್ಲ ಕೆಟ್ಟರೂ ನೆಲಕ್ಕೆ ಬೀಳುವುದು ಒಂಬತ್ತು ಲೀಟರ್ ಮಾತ್ರ, ಮೀನುಗಳಿಗೆ ನೀರು ಉಳಿದಿರುತ್ತದೆ. ವೈರು ಪ್ಲಗ್ಗಿಗಿಂತ ಕೆಳಕ್ಕೆ ಜೋತು ಬಿದ್ದು ಮತ್ತೆ ಮೇಲೇರಲಿ. ಆಗ ವೈರಿನಗುಂಟ ಹರಿದ ನೀರು ಪ್ಲಗ್ಗಿಗೆ ತಲುಪುವುದಿಲ್ಲ. ನೀರಿಗೆ ಕೈ ಹಾಕುವ ಮೊದಲು ಪ್ಲಗ್ ಕಿತ್ತಿಡಿ. ಇದರಲ್ಲಿ ರಿಯಾಯಿತಿ ಇಲ್ಲ.

ಬೆಳಕಿಗೆ ಒಂಬತ್ತು ವಾಟಿನ ಬಿಳಿ ಎಲ್‌ಇಡಿ ಬಲ್ಬು ಸಾಕು. ಅದನ್ನು ರಾತ್ರಿ ಹತ್ತು ಗಂಟೆಗಳ ಕಾಲ ಉರಿಸಿ. ಕತ್ತಲಲ್ಲಿ ದ್ಯುತಿಸಂಶ್ಲೇಷಣೆ ನಿಂತು ಉಸಿರಾಟ ಮಾತ್ರ ನಡೆಯುವುದರಿಂದ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಸೇರಿ ಪಿ.ಎಚ್. ಇಳಿಯುತ್ತದೆ. ಆ ಹೊತ್ತಿನಲ್ಲೇ ಆಸರೆ ತೊಟ್ಟಿಗೆ ಹಗಲಾದರೆ ಇಳಿತ ತಗ್ಗುತ್ತದೆ. ಬಲ್ಬಿಗೆ ತಿಂಗಳಿಗೆ 2.7 ಯೂನಿಟ್, ಆರು ವಾಟಿನ ಪಂಪು ಹಗಲಿರುಳು ನಡೆದರೆ 4.3 ಯೂನಿಟ್, ಒಟ್ಟು ಏಳು ಯೂನಿಟ್ ವಿದ್ಯುತ್.

ಉಪ್ಪುನೀರೋ, ಸಿಹಿನೀರೋ?

ಹೊಳೆನರಸೀಪುರಕ್ಕೆ ಮಂಗಳೂರಿನ ಕಡಲು ರಸ್ತೆಯಲ್ಲಿ ಸುಮಾರು 200 ಕಿಲೋಮೀಟರ್ ದೂರ. ಅಲ್ಲಿ ಕಡಲ ತೊಟ್ಟಿ ಮಾಡುವವರು ಸಮುದ್ರದ ಲವಣಮಿಶ್ರಣವನ್ನು ಕೊಂಡು ನೀರಿಗೆ ಬೆರೆಸಬೇಕು. ಅಡುಗೆ ಉಪ್ಪು ಆಗುವುದಿಲ್ಲ. ಕಡಲ ನೀರಿನಲ್ಲಿ ಸೋಡಿಯಂ, ಕ್ಲೋರೈಡ್‌ಗಳ ಜೊತೆಗೆ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟಾಸಿಯಂ, ಸಲ್ಫೇಟ್‌ಗಳೂ ಗೊತ್ತಾದ ಪ್ರಮಾಣದಲ್ಲಿವೆ. ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ ನಮ್ಮ 74 ಲೀಟರಿಗೆ ಸುಮಾರು 2.6 ಕಿಲೋ ಬೇಕು. ಈಗ ಒಂದು ಪ್ರಶ್ನೆ: ನೀರು ಆವಿಯಾಗಿ ಮಟ್ಟ ಇಳಿದರೆ ಉಪ್ಪುನೀರು ಸುರಿಯಬೇಕೇ, ಸಿಹಿನೀರೇ? ಆವಿಯಾದದ್ದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲೇ ಉಳಿದಿದೆ. ಆದ್ದರಿಂದ ಸಿಹಿನೀರನ್ನೇ ಹಾಕಬೇಕು. ಕಡಲ ಆಸರೆ ತೊಟ್ಟಿಗೆ ಒಳ್ಳೆಯದು ಹಸಿರು ದಾರದುಂಡೆಯಂತೆ ಬೆಳೆಯುವ ಕೀಟೊಮಾರ್ಫ ಎಂಬ ಪಾಚಿ. ಅದಕ್ಕೆ ಮಣ್ಣೂ ಬೇಡ, ಬೇರೂ ಇಲ್ಲ.

ಆದರೆ ಶಾಲೆ ಕಾಲೇಜುಗಳಲ್ಲಿ ಮೊದಲು ಸಿಹಿನೀರಿನಲ್ಲೇ ಆರಂಭಿಸಿ ಎನ್ನುವುದು ನನ್ನ ಸಲಹೆ. ತತ್ತ್ವ ಒಂದೇ, ಖರ್ಚು ಬಹಳ ಕಡಿಮೆ. ಕೆರೆಯಲ್ಲಿ ಸಿಗುವ ಹೈಡ್ರಿಲ, ವ್ಯಾಲಿಸ್ನೇರಿಯ ಸಾಕು. ಮನೆಯ ಮನಿ ಪ್ಲಾಂಟಿನ ಬೇರನ್ನು ನೀರಿಗೆ ಇಳಿಬಿಟ್ಟರೂ ನೈಟ್ರೇಟ್ ಹೀರುತ್ತದೆ. ತಳಕ್ಕೆ ಒಡೆದ ಮಣ್ಣಿನ ಕುಂಡದ ಚೂರುಗಳನ್ನು ಹಾಕಿ, ಅವುಗಳ ಮೇಲೆ ಬ್ಯಾಕ್ಟೀರಿಯಗಳು ನೆಲೆಸುತ್ತವೆ. ನಲ್ಲಿ ನೀರನ್ನು ಕ್ಲೋರಿನ್ ಹೋಗಲು ಒಂದು ದಿನ ಬಕೆಟ್ಟಿನಲ್ಲಿ ಬಿಟ್ಟು ಬಳಸಿ. ಸ್ವಲ್ಪ ದಿನಗಳಲ್ಲೇ ಗಿಡಗಳ ನಡುವೆ ನೀರಿನ ಚಿಗಟವೆನ್ನುವ ಡ್ಯಾಫ್ನಿಯ, ಸೈಕ್ಲಾಪ್ಸ್‌ಗಳು ಕುಪ್ಪಳಿಸುವುದು ಭೂತಗನ್ನಡಿಯಲ್ಲಿ ಕಾಣಬಹುದು. ನಾರುಹುಣ್ಣಿನ ಹುಳುವನ್ನು ಹೊತ್ತು ತರುತ್ತಿದ್ದ ಜೀವಿ ಇದೇ ಸೈಕ್ಲಾಪ್ಸ್. ನೀರನ್ನು ಸೋಸಿ ಕುಡಿಯುವುದನ್ನು ಹಳ್ಳಿ ಹಳ್ಳಿಯಲ್ಲಿ ಕಲಿಸಿದ್ದರಿಂದ, 2000ದಲ್ಲಿ ಭಾರತ ನಾರುಹುಣ್ಣಿನಿಂದ ಮುಕ್ತವೆಂಬ ಪ್ರಮಾಣಪತ್ರ ಪಡೆಯಿತು.

ಸಿಹಿನೀರಿನ ಆಸರೆ ತೊಟ್ಟಿಯಲ್ಲಿ ಒಂದು ಗಂಡಾಂತರ ಉಂಟು. ಅಲ್ಲಿ ಮೀನಿಲ್ಲ, ಹಾಗಾಗಿ ಸೊಳ್ಳೆ ಮೊಟ್ಟೆಯಿಟ್ಟರೆ ತಿನ್ನುವವರಿಲ್ಲ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಒಂದೆರಡು ವಾರದಲ್ಲಿ ಮೊಟ್ಟೆಯಿಂದ ರೆಕ್ಕೆಯವರೆಗೆ ಬೆಳೆದುಬಿಡುತ್ತದೆ. ಡಬ್ಬದ ಬಾಯಿಗೆ ಸೊಳ್ಳೆಪರದೆಯ ಬಟ್ಟೆಯನ್ನು ಬಿಗಿಯಾಗಿ ಕಟ್ಟಲೇಬೇಕು.

ಕೊಯ್ಲು ಮರೆಯಬೇಡಿ

ಗಿಡ ನೈಟ್ರೇಟನ್ನು ಮಾಯ ಮಾಡುವುದಿಲ್ಲ. ತನ್ನ ಮೈಯಲ್ಲಿ ಕೂಡಿಟ್ಟುಕೊಳ್ಳುತ್ತದೆ. ಅದು ಅಲ್ಲೇ ಕೊಳೆತರೆ ಎಲ್ಲವೂ ನೀರಿಗೆ ಮರಳುತ್ತದೆ. ಆದ್ದರಿಂದ ಎರಡು ವಾರಕ್ಕೊಮ್ಮೆ ಬೆಳೆದದ್ದರಲ್ಲಿ ಮೂರನೆಯ ಒಂದು ಭಾಗವನ್ನು ತೆಗೆಯಿರಿ. ತೊಟ್ಟಿಯಿಂದ ಹೊಲಸು ನಿಜವಾಗಿ ಹೊರಹೋಗುವುದು ಆ ಕ್ಷಣದಲ್ಲಿ. ತೆಗೆದದ್ದನ್ನು ತೂಗಿ ಬರೆದಿಡಿ. ಅಂಗಡಿಯಲ್ಲಿ ಸಿಗುವ ಪರೀಕ್ಷಾ ದ್ರಾವಣದಿಂದ ವಾರಕ್ಕೊಮ್ಮೆ ನೈಟ್ರೇಟ್ ಅಳೆಯಿರಿ. ಅಷ್ಟೇ ಮೀನುಗಳಿರುವ, ಆಸರೆ ಇಲ್ಲದ ಇನ್ನೊಂದು ತೊಟ್ಟಿಯೊಂದಿಗೆ ಹೋಲಿಸಿದರೆ ವಿಜ್ಞಾನ ಪ್ರದರ್ಶನಕ್ಕೆ ಯೋಗ್ಯವಾದ ಪ್ರಯೋಗ ಸಿದ್ಧವಾಯಿತು. ಹಾಗೆಂದು ಇಕ್ಕಟ್ಟಾಗಿ ಮೀನು ತುಂಬಬೇಡಿ. ಆಸರೆ ತೊಟ್ಟಿ ನೀರು ಬದಲಿಸುವ ಕೆಲಸವನ್ನು ಕಡಿಮೆ ಮಾಡುತ್ತದೆ, ಪೂರ್ತಿ ತಪ್ಪಿಸುವುದಿಲ್ಲ.

ಕೊಯ್ದ ಗಿಡವನ್ನು ಎಲ್ಲಿ ಹಾಕುವಿರಿ? ಇದು ಸಣ್ಣ ಪ್ರಶ್ನೆಯಲ್ಲ. 1984ರಲ್ಲಿ ಮೊನಾಕೊದ ಸಾಗರ ವಸ್ತುಸಂಗ್ರಹಾಲಯದ ಬಳಿ ಕಡಲತಳದಲ್ಲಿ ಕಾಲೆರ್ಪ ಟ್ಯಾಕ್ಸಿಫೋಲಿಯ ಎಂಬ ಪಾಚಿಯ ಪುಟ್ಟ ತೇಪೆಯೊಂದು ಕಂಡಿತು. ಅದು ತೊಟ್ಟಿಗಳಲ್ಲಿ ಅಲಂಕಾರಕ್ಕೆ ಬೆಳೆಸುತ್ತಿದ್ದ ಪಾಚಿ. ಮುಂದೆ ಅದು ಫ್ರಾನ್ಸ್, ಇಟಲಿ, ಸ್ಪೇನ್ ತೀರಗಳಿಗೆಲ್ಲ ಹಬ್ಬಿತು. 2000ದಲ್ಲಿ ಅದೇ ಪಾಚಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಕಂಡಾಗ, ಅದನ್ನು ಟಾರ್ಪಾಲಿನಿಂದ ಮುಚ್ಚಿ, ಒಳಗೆ ಕ್ಲೋರಿನ್ ಬಿಟ್ಟು ಕೊಲ್ಲಬೇಕಾಯಿತು. ಪೂರ್ತಿ ನಿರ್ಮೂಲವಾಯಿತೆಂದು ಘೋಷಿಸಲು 2006ರವರೆಗೆ ಕಾಯಬೇಕಾಯಿತು. ನಮ್ಮ ಕೆರೆಗಳನ್ನು ಮುಚ್ಚುವ ನೇರಳೆ ಹೂವಿನ ವಾಟರ್ ಹಯಸಿಂತ್ ಕೂಡ ದಕ್ಷಿಣ ಅಮೆರಿಕದಿಂದ ಬಂದ ಅತಿಥಿಯೇ. ಆದ್ದರಿಂದ ಸಿಹಿನೀರಿನ ಗಿಡವನ್ನು ಬಿಸಿಲಲ್ಲಿ ಒಣಗಿಸಿ ತೆಂಗಿನ ಬುಡಕ್ಕೆ ಹಾಕಿ. ಕಡಲ ಪಾಚಿಯನ್ನು ಒಣಗಿಸಿ ಕಸಕ್ಕೆ ಹಾಕಿ. ತೊಟ್ಟಿಯ ಗಿಡ, ಗಪ್ಪಿ, ಬಸವನಹುಳು ಯಾವುದೂ ಹೇಮಾವತಿಗಾಗಲಿ ಕೆರೆಗಾಗಲಿ ಸೇರಬಾರದು.

ಹಾಗೆಯೇ ಕಡಲ ಪ್ರವಾಸಕ್ಕೆ ಹೋದಾಗ ಹವಳದ ತುಂಡನ್ನೋ ಕಡಲಕುದುರೆಯನ್ನೋ ತರಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಿತ ಪಟ್ಟಿಗೆ ಅವು 2001ರಲ್ಲಿ ಸೇರಿವೆ.

ಒಂದು ಪ್ಲಾಸ್ಟಿಕ್ ಡಬ್ಬ, ಒಂದು ಪಂಪು, ಒಂದು ಬಲ್ಬು, ಒಂದು ಹಿಡಿ ಗಿಡ. ಇಷ್ಟರಲ್ಲಿ ಒಂದು ಕೆರೆ ಹೇಗೆ ತನ್ನನ್ನು ತಾನು ತೊಳೆದುಕೊಳ್ಳುತ್ತದೆ ಎಂಬುದು ನಿಮ್ಮ ತರಗತಿಯ ಮೂಲೆಯಲ್ಲೇ ಕಾಣಸಿಗುತ್ತದೆ. ನಾಲ್ಕೈದು ಮಂದಿ ಸೇರಿ ಮಾಡಿ. ಮೊದಲು ನೀರು, ಆಮೇಲೆ ಗಿಡ, ಆರು ವಾರ ಕಳೆದ ಮೇಲೆ ಮೀನು. ಈ ಕ್ರಮ ಮಾತ್ರ ತಪ್ಪದಿರಲಿ.