ಹಿಮ್ಮಡಿ ನೋವಿದ್ರೆ ಚೆಂದದ ಚಪ್ಪಲಿ ಹಾಕ್ಬಾರ್ದಾ?

ಇವತ್ತಿನ ಎಪಿಸೋಡ್ ಹಿಮ್ಮಡಿ ಬಗ್ಗೆ. ನಗಬೇಡಿ, ಇದಕ್ಕೆ ಕಾರಣ ತುಮಕೂರಿನಿಂದ ಬಂದ ಒಂದು ವಾಯ್ಸ್ ಮೆಸೇಜ್. ಕಳಿಸಿದವರು ಸೀರೆ ಅಂಗಡಿಯಲ್ಲಿ ಸೇಲ್ಸ್ ಕೆಲಸ ಮಾಡೋ ಒಬ್ಬ ಅಕ್ಕ. ಬೆಳಗ್ಗೆ ಹತ್ತರಿಂದ ರಾತ್ರಿ ಒಂಬತ್ತರವರೆಗೆ ನಿಂತೇ ಇರಬೇಕು. ಡಾಕ್ಟರ್ 'ಪ್ಲಾಂಟರ್ ಫ್ಯಾಸಿಯೈಟಿಸ್, ಒಳ್ಳೆ ಶೂ ಹಾಕ್ಕೊಳ್ಳಿ' ಅಂದಿದ್ದಾರೆ. ಅಂಗಡಿಯಲ್ಲಿ ಸೀರೆ ಯೂನಿಫಾರ್ಮ್, ಕಾಲಿಗೆ ಕಪ್ಪು ಬಣ್ಣದ್ದೇ ಆಗಬೇಕು. "ಸೀರೆ ಕೆಳಗೆ ಸ್ಪೋರ್ಟ್ಸ್ ಶೂ ಹಾಕ್ಕೊಂಡು ಹೋದ್ರೆ ಓನರ್ ವಾಪಸ್ ಕಳಿಸ್ತಾರೆ. ಹಾಕ್ಕೊಳ್ದಿದ್ರೆ ಸಂಜೆ ಹೊತ್ತಿಗೆ ನಿಲ್ಲೋಕೇ ಆಗಲ್ಲ. ಏನ್ ಮಾಡ್ಲಿ ಹೇಳಮ್ಮ" ಅಂತ ಕೇಳಿದ್ರು.

ನಾನು ಡಾಕ್ಟರ್ ಅಲ್ಲ, ಬಿ.ಕಾಂ. ಓದಿದವಳು. ಆದ್ರೆ ಎರಡು ವರ್ಷದಿಂದ ಈ ನೋವಿನ ಜೊತೆ ಸಂಸಾರ ಮಾಡ್ತಿದ್ದೀನಿ. ಚಪ್ಪಲಿ ಅಂಗಡಿಗಳನ್ನ ಸುತ್ತಿದ್ದೀನಿ, ಓದಿದ್ದೀನಿ, ಫಿಸಿಯೋ ಹತ್ತಿರ ಪ್ರಶ್ನೆ ಕೇಳಿ ತಲೆ ತಿಂದಿದ್ದೀನಿ. ಅದನ್ನೇ ಹೇಳ್ತೀನಿ.

ಮೊದಲು ಇದು ಏನು ಅಂತ. ಹಿಮ್ಮಡಿ ಮೂಳೆಯಿಂದ ಕಾಲ್ಬೆರಳುಗಳ ಬುಡದವರೆಗೆ ಅಂಗಾಲಿನ ಒಳಗೆ ಒಂದು ದಪ್ಪ ಪಟ್ಟಿ ಇರುತ್ತೆ. ಪಾದದ ಕಮಾನನ್ನ ಎಳೆದು ಹಿಡಿಯೋದು ಅದೇ. ಅದು ಹಿಮ್ಮಡಿಗೆ ಅಂಟಿಕೊಂಡ ಜಾಗದಲ್ಲಿ ಸವೆದು ನೋವು ಕೊಡೋದೇ ಈ ಕಾಯಿಲೆ. ಗುರುತು ಹಿಡಿಯೋದು ಸುಲಭ: ಬೆಳಗ್ಗೆ ಹಾಸಿಗೆಯಿಂದ ಇಳಿದು ಇಡೋ ಮೊದಲ ಹೆಜ್ಜೆಗೇ ಮೊಳೆ ಚುಚ್ಚಿದ ಹಾಗೆ ಆಗುತ್ತೆ. ಸ್ವಲ್ಪ ಓಡಾಡಿದ್ರೆ ಕಡಿಮೆ. ದಿನವಿಡೀ ನಿಂತ್ರೆ ಸಂಜೆಗೆ ಮತ್ತೆ ಜಾಸ್ತಿ.

ಎಕ್ಸ್‌ರೇ ತೆಗೆದು 'ಮೂಳೆ ಬೆಳೆದಿದೆ' ಅಂದ ತಕ್ಷಣ ನಮ್ಮ ಕಡೆ ಎಲ್ಲರೂ ಗಾಬರಿ ಆಗ್ತಾರೆ. ಅಮೆರಿಕದ ಮೂಳೆ ಶಸ್ತ್ರಚಿಕಿತ್ಸಕರ ಅಕಾಡೆಮಿ ಹೇಳೋ ಲೆಕ್ಕ ಕೇಳಿ. ಹತ್ತು ಜನರಲ್ಲಿ ಒಬ್ಬರಿಗೆ ಈ ಮೂಳೆ ಮುಳ್ಳು ಇರುತ್ತೆ, ಆದ್ರೆ ಮುಳ್ಳು ಇರೋ ಇಪ್ಪತ್ತು ಜನರಲ್ಲಿ ಕಾಲು ನೋವಿರೋದು ಒಬ್ಬರಿಗೆ ಮಾತ್ರ. ಮುಳ್ಳನ್ನ ತೆಗೆಸದೇ ನೋವು ಹೋಗುತ್ತೆ. ಶೇ. 90ಕ್ಕಿಂತ ಹೆಚ್ಚು ಜನ ಸರಳ ಚಿಕಿತ್ಸೆಯಲ್ಲೇ ಹತ್ತು ತಿಂಗಳೊಳಗೆ ಸುಧಾರಿಸ್ತಾರೆ ಅಂತಲೂ ಅವರೇ ಹೇಳ್ತಾರೆ. ನಾನು ಉಳಿದ ಹತ್ತರಲ್ಲಿದ್ದೀನಿ, ಇರಲಿ ಬಿಡಿ.

ಈಗ ಚಪ್ಪಲಿ ಅಂಗಡಿಗೆ ಹೋಗೋಣ. ಸೇಲ್ಸ್‌ನವರು 'ಮೇಡಂ, ತುಂಬಾ ಸಾಫ್ಟ್ ಇದೆ, ಒತ್ತಿ ನೋಡಿ' ಅಂತಾರೆ. ಮೆತ್ತಗಿದ್ರೆ ಸಾಕು ಅನ್ನೋದೇ ತಪ್ಪು ತಿಳಿವಳಿಕೆ. ತುಂಬಾ ಮೆತ್ತಗಿರೋದು ಹಳೇ ಹತ್ತಿ ಹಾಸಿಗೆ ಥರ, ಕಾಲು ಅದರಲ್ಲಿ ಹೂತುಹೋಗುತ್ತೆ, ಕಮಾನಿಗೆ ಆಸರೆ ಇರಲ್ಲ. ನೀವು ಕೈಯಲ್ಲಿ ಹಿಡಿದು ಮೂರು ಕೆಲಸ ಮಾಡಿ. ಶೂ ಮುಂಭಾಗ ಹಿಡಿದು ಮಡಚಿ. ಅದು ಬೆರಳು ಮಡಚೋ ಜಾಗದಲ್ಲಿ ಮಾತ್ರ ಮಡಚಬೇಕು, ನಡುವಲ್ಲಿ ಎರಡು ಮಡಿಕೆ ಆದ್ರೆ ವಾಪಸ್ ಕೊಡಿ. ಒದ್ದೆ ಬಟ್ಟೆ ಹಿಂಡೋ ಹಾಗೆ ತಿರುಚಿ. ಸುಲಭವಾಗಿ ತಿರುಚಿಕೊಂಡ್ರೆ ಅದೂ ಬೇಡ. ಶೂ ಆದ್ರೆ ಹಿಮ್ಮಡಿ ಹಿಂದಿನ ಗೋಡೆಯನ್ನ ಹೆಬ್ಬೆರಳಿಂದ ಒತ್ತಿ, ಗಟ್ಟಿ ಇರಬೇಕು. ಅಂಗಡಿಗೆ ಸಂಜೆ ಹೋಗಿ, ಆಗ ಪಾದ ಸ್ವಲ್ಪ ಊದಿರುತ್ತೆ, ಸರಿಯಾದ ಸೈಜ್ ಸಿಗುತ್ತೆ. ಎರಡೂ ಕಾಲಿಗೆ ಹಾಕಿ, ಕಾರ್ಪೆಟ್ ಮೇಲಲ್ಲ, ಟೈಲ್ಸ್ ಮೇಲೆ ನಡೀರಿ.

ಸೈಜ್ ಅಂದಾಗ ನೆನಪಾಯ್ತು. ನಮ್ಮಲ್ಲಿ ಸಿಗೋ ಶೂಗಳ ಮೇಲಿರೋದು ಬ್ರಿಟಿಷರ ಅಳತೆ. ನಮ್ಮ ಪಾದ ಸರಾಸರಿ ಅವರಿಗಿಂತ ಅಗಲ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದ ಅಳೆದು 'ಭ' ಅನ್ನೋ ಭಾರತೀಯ ಅಳತೆ ಸೂಚಿಸಿದೆ ಅಂತ 2024ರಲ್ಲಿ ಸುದ್ದಿ ಬಂತು. ಅದು ನಿಮ್ಮ ಅಂಗಡಿಗೆ ಬರೋವರೆಗೂ 'ವೈಡ್ ಫಿಟ್' ಅಂತ ಕೇಳಿ ನೋಡಿ. ಅಗಲ ಸಾಲದು ಅಂತ ಒಂದು ನಂಬರ್ ದೊಡ್ಡದು ತಗೊಂಡ್ರೆ ಹಿಮ್ಮಡಿ ಜಾರುತ್ತೆ, ಬೆರಳುಗಳು ಚಪ್ಪಲಿ ಹಿಡ್ಕೊಳ್ಳೋಕೆ ಒದ್ದಾಡುತ್ತೆ. ಹವಾಯ್ ಚಪ್ಪಲಿಯಲ್ಲಿ ಆಗೋದೂ ಇದೇ.

ಇನ್ನು ಚೆಂದದ ಪ್ರಶ್ನೆ. ಕೊಲ್ಹಾಪುರಿ ನನಗೆ ಪ್ರಾಣ. ಹೆಸರು ಕೊಲ್ಹಾಪುರದ್ದಾದ್ರೂ ನಮ್ಮ ಅಥಣಿ, ನಿಪ್ಪಾಣಿ ಕಡೆಯೂ ಮಾಡ್ತಾರೆ. 2019ರಲ್ಲಿ ಸಿಕ್ಕ ಜಿಐ ಟ್ಯಾಗ್‌ನಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆ, ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ನಾಲ್ಕೂ ಇವೆ. 2025ರಲ್ಲಿ ಇಟಲಿಯ ಪ್ರಾಡಾ ಅದೇ ಥರದ್ದನ್ನ ಮಿಲಾನ್ ರ‍್ಯಾಂಪ್ ಮೇಲೆ ತಂದು ಗಲಾಟೆ ಆಯ್ತಲ್ಲ, ಅದೇ ಚಪ್ಪಲಿ. ಆದ್ರೆ ಅದು ಚಪ್ಪಟೆ ತೊಗಲು. ನೋವು ಜೋರಾಗಿರೋ ದಿನಗಳಲ್ಲಿ ಬೇಡ. ನಾನು ಒಂದು ಜೋಡಿಯನ್ನ ಏರಿಯಾದ ಚಪ್ಪಲಿ ರಿಪೇರಿ ಅಣ್ಣನ ಹತ್ತಿರ ಕೊಟ್ಟು, ಕೆಳಗೆ ರಬ್ಬರ್ ಸೋಲ್, ಹಿಮ್ಮಡಿಗೆ ಅರ್ಧ ಇಂಚು ಏರಿಸಿಕೊಂಡಿದ್ದೀನಿ. ಎರಡು ಗಂಟೆ ಫಂಕ್ಷನ್‌ಗೆ ಸಾಕು, ನೋಡೋಕೂ ಕೊಲ್ಹಾಪುರಿಯೇ.

ಮದುವೆಗೆ ರೇಷ್ಮೆ ಸೀರೆ ಉಟ್ಟಾಗ ಪೆನ್ಸಿಲ್ ಹೀಲ್ಸ್ ಅಂತೂ ಬೇಡ, ಪೂರ್ತಿ ಫ್ಲಾಟ್ ಕೂಡ ಬೇಡ. ಒಂದರಿಂದ ಒಂದೂವರೆ ಇಂಚಿನ ವೆಡ್ಜ್, ಹಿಂದೆ ಪಟ್ಟಿ ಇರೋದು ಒಳ್ಳೇದು. ಹಿಮ್ಮಡಿ ಸ್ವಲ್ಪ ಮೇಲಿದ್ರೆ ಆ ಪಟ್ಟಿಯ ಮೇಲೆ ಎಳೆತ ಕಡಿಮೆ. ಮದುವೆ ಹಾಲ್‌ನಲ್ಲಿ ಚಪ್ಪಲಿ ಬಿಟ್ಟು ಗ್ರಾನೈಟ್ ಮೇಲೆ ಮೂರು ಗಂಟೆ ಓಡಾಡೋದಕ್ಕೆ ಮಾತ್ರ ನನ್ನ ಹತ್ತಿರ ಪರಿಹಾರ ಇಲ್ಲ, ಕುರ್ಚಿ ಹಿಡಿದು ಕೂತ್ಕೋತೀನಿ. ದೊಡ್ಡಮ್ಮಂದಿರು 'ಈ ವಯಸ್ಸಿಗೇನಾ?' ಅಂತಾರೆ.

ಮನೆಯೊಳಗಿನ ಚಪ್ಪಲಿ ವಿಷಯ ಇದಕ್ಕಿಂತ ಮುಖ್ಯ ಅಂತ ನನ್ನ ಅನಿಸಿಕೆ. ಸಾವಿರಾರು ರೂಪಾಯಿ ಶೂ ಹಾಕಿ, ಮನೆಗೆ ಬಂದು ಟೈಲ್ಸ್ ಮೇಲೆ ಬರಿಗಾಲಲ್ಲಿ ಎರಡು ಗಂಟೆ ಅಡುಗೆ ಮಾಡಿದ್ರೆ ಪ್ರಯೋಜನ ಇಲ್ಲ. ಹಾಸಿಗೆ ಪಕ್ಕದಲ್ಲೇ ಒಂದು ಜೋಡಿ ಇಟ್ಕೊಳ್ಳಿ, ಮೊದಲ ಹೆಜ್ಜೆ ಅದರೊಳಗೇ ಬೀಳಲಿ. ಮೆಡಿಕಲ್ ಶಾಪ್‌ನಲ್ಲಿ ಎಂಸಿಆರ್ ಚಪ್ಪಲಿ ಸಿಗುತ್ತೆ. ವೆಲ್ಲೂರಿನಲ್ಲಿ ಡಾ. ಪಾಲ್ ಬ್ರ್ಯಾಂಡ್ ಅವರು ಕುಷ್ಠರೋಗಿಗಳ ಪಾದ ಉಳಿಸೋಕೆ ಅಂತ ಬಳಕೆಗೆ ತಂದ ರಬ್ಬರ್ ಅದು. ಸಕ್ಕರೆ ಕಾಯಿಲೆಯವರಿಗೂ ಅದನ್ನೇ ಬರೆದುಕೊಡ್ತಾರೆ. ನನ್ನದು 450 ರೂಪಾಯಿ. ನೋಡೋಕೆ ಆಸ್ಪತ್ರೆ ಚಪ್ಪಲಿಯೇ, ಸುಳ್ಳು ಹೇಳಲ್ಲ. ಕಮಾನಿಗೆ ಉಬ್ಬು ಇರೋ ಮಾದರಿ ಕೇಳಿ ತಗೊಳ್ಳಿ. ಮನೆ ದೇವರು, ಮಡಿ ಅಂತ ತಕರಾರು ಬಂದ್ರೆ ಒಳಗಿನ ಜೋಡಿ ಹೊಸ್ತಿಲು ದಾಟಲ್ಲ ಅಂತ ಹೇಳಿ. ನಮ್ಮ ಅಜ್ಜಿ ಅಷ್ಟಕ್ಕೆ ಒಪ್ಪಿದ್ರು, ದೇವರ ಮನೆ ಬಿಟ್ಟು.

ಇನ್ನು ದುಡ್ಡು, ಇದು ನನ್ನ ಸಬ್ಜೆಕ್ಟ್. 2025ರ ಸೆಪ್ಟೆಂಬರ್ 22ರಿಂದ ಜೋಡಿಗೆ 2,500 ರೂಪಾಯಿವರೆಗಿನ ಪಾದರಕ್ಷೆಗೆ ಜಿಎಸ್‌ಟಿ ಶೇ. 5. ಮೊದಲು ಸಾವಿರ ದಾಟಿದ್ರೆ ಶೇ. 18 ಇತ್ತು. ಅಂದ್ರೆ ತೆರಿಗೆ ಬಿಟ್ಟು 2,000 ಬೆಲೆಯ ಶೂ 2,360 ಆಗ್ತಿತ್ತು, ಈಗ 2,100. 2,500 ದಾಟಿದ್ರೆ ಮತ್ತೆ ಶೇ. 18. ಅದಕ್ಕೇ 2,500ರ ಒಳಗೇ ಹುಡುಕಿ, ಉಳಿದಿದ್ದರಲ್ಲಿ ಇನ್‌ಸೋಲ್ ತಗೊಳ್ಳಿ. ಪಾದದ ಅಚ್ಚು ತೆಗೆದು ಮಾಡಿಕೊಡೋ ದುಬಾರಿ ಇನ್‌ಸೋಲ್, ರೆಡಿಮೇಡ್‌ಗಿಂತ ನೋವನ್ನ ಹೆಚ್ಚು ಕಡಿಮೆ ಮಾಡುತ್ತೆ ಅಂತ ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ಮೊದಲು ರೆಡಿಮೇಡ್ ಹಾಕಿ ನೋಡಿ.

ಚಪ್ಪಲಿಯೊಂದೇ ಗುಣ ಮಾಡಲ್ಲ. ಬೆಳಗ್ಗೆ ಏಳೋ ಮೊದಲು ಹಾಸಿಗೆ ಮೇಲೇ ಕೂತು, ನೋವಿರೋ ಕಾಲನ್ನ ಇನ್ನೊಂದರ ಮೇಲೆ ಇಟ್ಟು, ಕಾಲ್ಬೆರಳುಗಳನ್ನ ಕೈಯಲ್ಲಿ ಹಿಂದಕ್ಕೆ ಎಳೀರಿ. ಹತ್ತು ಎಣಿಸೋವರೆಗೆ, ಹತ್ತು ಸಲ, ದಿನಕ್ಕೆ ಮೂರು ಬಾರಿ. ಮರಗಟ್ಟಿದ ಹಾಗಿದ್ರೆ, ರಾತ್ರಿ ಮಲಗಿದಾಗಲೂ ನೋವಿದ್ರೆ, ಊತ ಜ್ವರ ಇದ್ರೆ, ಸಕ್ಕರೆ ಕಾಯಿಲೆ ಇದ್ರೆ ನನ್ನ ಮಾತು ಬಿಡಿ, ಡಾಕ್ಟರ್ ಹತ್ತಿರ ಹೋಗಿ.

ಅಕ್ಕ, ಈಗ ನಿಮ್ಮ ವಿಷಯ. ಕಪ್ಪು ಬಣ್ಣದ, ಹಿಂದೆ ಮುಚ್ಚಿದ, ಒಂದಿಂಚು ದಪ್ಪ ಸೋಲ್ ಇರೋ ಸ್ಲಿಪ್-ಆನ್ ತಗೊಳ್ಳಿ. ಒಳಗಿನ ಹಾಸು ಹೊರಗೆ ತೆಗೆಯೋಕೆ ಬರಬೇಕು, ಆಗ ನಿಮ್ಮ ಇನ್‌ಸೋಲ್ ಕೂರುತ್ತೆ. ಸೀರೆ ನೆರಿಗೆ ಕೆಳಗೆ ಅದು ಯಾರಿಗೂ ಶೂ ಅಂತ ಕಾಣಲ್ಲ.

ಆದ್ರೆ ಹನ್ನೊಂದು ಗಂಟೆ ನಿಲ್ಲೋರಿಗೆ ಯಾವ ಶೂ ಕೊಟ್ಟರೂ ಅರ್ಧ ಪರಿಹಾರವೇ. ಕೇರಳದಲ್ಲಿ ಬಟ್ಟೆ ಅಂಗಡಿ ಹೆಣ್ಮಕ್ಕಳು ಕೂರೋ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿದ್ರು. ಮುಂದೆ ನಿಂತವರು ಕೋಳಿಕ್ಕೋಡ್‌ನ ವಿಜಿ, ವೃತ್ತಿಯಲ್ಲಿ ಟೈಲರ್. 2018ರಲ್ಲಿ ಅಲ್ಲಿ ಅಂಗಡಿ ಕಾಯ್ದೆಗೆ ತಿದ್ದುಪಡಿ ಬಂತು, 2021ರಲ್ಲಿ ತಮಿಳುನಾಡೂ ಮಾಡ್ತು. ಗಿರಾಕಿ ಇಲ್ಲದಾಗ ಕೂರೋಕೆ ಒಂದು ಸ್ಟೂಲ್, ಅಷ್ಟೇ ಅವರು ಕೇಳಿದ್ದು. ನೀವು ಒಬ್ಬರೇ ಓನರ್ ಹತ್ತಿರ ಹೋಗಬೇಡಿ. ಫ್ಲೋರ್‌ನಲ್ಲಿ ಇನ್ನೂ ನಾಲ್ಕು ಜನಕ್ಕೆ ಕಾಲು ನೋವಿರುತ್ತೆ, ಕೇಳಿ ನೋಡಿ. ಡಾಕ್ಟರ್ ಹತ್ತಿರ 'ಗಂಟೆಗೆ ಹತ್ತು ನಿಮಿಷ ಕೂರಬೇಕು' ಅಂತ ಲೆಟರ್‌ಹೆಡ್‌ನಲ್ಲಿ ಬರೆಸಿ, ಜೊತೆಯವರನ್ನ ಕರ್ಕೊಂಡು ಹೋಗಿ ಕೊಡಿ, ಒಂದು ಕಾಪಿ ನಿಮ್ಮ ಹತ್ತಿರ ಇಟ್ಕೊಳ್ಳಿ. ಅವರು ಏನಂದ್ರು ಅಂತ ಇನ್ನೊಂದು ವಾಯ್ಸ್ ಮೆಸೇಜ್ ಹಾಕಿ, ಕಾಯ್ತಿರ್ತೀನಿ.