ಊಟಕ್ಕೆ ಮೊದಲು ನೋಡಿದ ಕಲ್ಲು



ಪುರಾತನ ಸ್ಥಳಗಳನ್ನು ನೋಡಬೇಕೆಂಬ ಅಭಿಲಾಷೆ ನಮ್ಮಲ್ಲಿ ಅನೇಕರಿಗುಂಟು. ನೋಡಿದ ಸ್ಥಳಗಳ ಸಂಖ್ಯೆಯನ್ನು ಎಣಿಸಿಕೊಂಡು ಹಿಂದಿರುಗುವ ಅಭ್ಯಾಸವೂ ಉಂಟು. ವಿವಾಹವಾಗಿ ಇಪ್ಪತ್ತೈದು ವರ್ಷ ತುಂಬಿದ ಸಂದರ್ಭದಲ್ಲಿ ನಾವು ನಮ್ಮ ಧರ್ಮಪತ್ನಿಯೊಡನೆ ಎರಡು ದಿನಗಳ ಪ್ರವಾಸಕ್ಕೆ ಹೊರಟುದು ಇಂಥ ಎಣಿಕೆಯ ಬುದ್ಧಿಯಿಂದಲೇ.

ಮೊದಲ ದಿನ ಶ್ರೀರಂಗಪಟ್ಟಣ. ರಂಗನಾಥನ ದರ್ಶನವನ್ನು ಮುಗಿಸಿ ದರಿಯಾ ದೌಲತ್ ಅರಮನೆಗೆ ಹೋದೆವು. 1784ರಲ್ಲಿ ಟಿಪ್ಪು ಸುಲ್ತಾನನು ಕಟ್ಟಿಸಿದ ಆ ಬೇಸಗೆಯ ಅರಮನೆಯ ಪಡುವಣ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧವನ್ನು ಚಿತ್ರಿಸಿದೆ. ಆನೆಯ ಮೇಲೆ ಹೈದರಾಲಿ, ಪಲ್ಲಕ್ಕಿಯಲ್ಲಿ ಸೋತ ಕರ್ನಲ್ ಬೇಯ್ಲಿ, ಸುತ್ತಲೂ ಲೆಕ್ಕವಿಲ್ಲದ ಕಾಲಾಳುಗಳು. “ಇಷ್ಟು ಜನರಲ್ಲಿ ದೊರೆಗಳನ್ನು ಬಿಟ್ಟರೆ ಯಾರ ಹೆಸರು ಉಳಿದಿದೆ?” ಎಂದು ನಮ್ಮಾಕೆ ಕೇಳಿದರು. ನಾವು ಗಡಿಯಾರವನ್ನು ನೋಡಿಕೊಂಡೆವು.

ಮರುದಿನ ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯ. ಇದು 1865ರಲ್ಲಿ ಸ್ಥಾಪನೆಯಾದುದು. ಸುತ್ತುವಷ್ಟರಲ್ಲಿ ಮಧ್ಯಾಹ್ನವಾಯಿತು. ಬುತ್ತಿಯ ಪುಳಿಯೋಗರೆ ನೆನಪಾಗಿ, “ಇನ್ನು ಹೊರಡೋಣ” ಎಂದೆವು. ನಮ್ಮಾಕೆ ಕದಲಲಿಲ್ಲ. “ಇಲ್ಲಿ ನೋಡಿ, ನಾಯಿಯೊಂದು ಹಂದಿಯೊಡನೆ ಕಾದುತ್ತಿದೆ” ಎಂದರು.

ಅದು ಮದ್ದೂರು ತಾಲ್ಲೂಕಿನ ಆತಕೂರಿನಿಂದ ಬಂದ ಕಲ್ಲು. ಅಧ್ಯಾಪಕರಾದ ನಾವು ಈ ಶಾಸನವನ್ನು ಎಷ್ಟೋ ಸಲ ಪಾಠ ಹೇಳಿದ್ದೆವು. ಕ್ರಿ. ಶ. 949-50ರ ಕಾಲ; ತಕ್ಕೋಲದ ಕದನ; ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಗಂಗ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದನು. ಪರೀಕ್ಷೆಗೆ ಬೇಕಾದುದು ಇಷ್ಟೇ. ನಾಯಿಯ ಕಥೆಯನ್ನು ನಾವು ಬಿಟ್ಟುಬಿಡುತ್ತಿದ್ದೆವು.

ಅಂದು ಅದನ್ನು ನಮ್ಮಾಕೆಗೆ ಹೇಳಿದೆವು. ಬೂತುಗನ ಭಟನಾದ ಮಣಲೆರನ ಪರಾಕ್ರಮಕ್ಕೆ ದೊರೆ ಮೆಚ್ಚಿ, ಬೇಕಾದುದನ್ನು ಕೇಳೆಂದಾಗ, ಅವನು ಬೇಡಿದುದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಕೆಲಲೆನಾಡಿನ ಬೆಟ್ಟದಲ್ಲಿ ದೊಡ್ಡ ಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ಆತಕೂರಿನ ಚಲ್ಲೇಶ್ವರನ ಎದುರಿಗೆ ಕಲ್ಲನ್ನು ನೆಡಿಸಿ ಭೂಮಿಯನ್ನು ಬಿಟ್ಟರು. ಈ ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ ನಾಯಿಯು ಮಾಡಿದ ಪಾಪ ತಟ್ಟುವುದೆಂದು ವಿಧಿಸಿದರು.

“ಹಾಗಾದರೆ ನಾವೂ ನಿಂತು ನೋಡಿಯೇ ಉಣ್ಣೋಣ” ಎಂದರು ನಮ್ಮಾಕೆ. ಬಹಳ ಹೊತ್ತು ನಿಂತಿದ್ದೆವು.

ಹಿಂದಿರುಗುವಾಗ ರೈಲು ಮದ್ದೂರನ್ನು ದಾಟುತ್ತಿದ್ದಂತೆ ಅವರು ಮೆಲ್ಲಗೆ ಕೇಳಿದರು: “ನಮ್ಮೂರ ಕೆರೆಯ ಏರಿಯ ಮೇಲೆ ಬಿದ್ದಿರುವ ಕಲ್ಲಿನಲ್ಲಿಯೂ ಕತ್ತಿ ಹಿಡಿದವನೊಬ್ಬನಿದ್ದಾನೆ. ಅವನ ಹೆಸರೇನು?”

ಆ ಊರಿನಲ್ಲಿಯೇ ನಾವು ಇಷ್ಟು ಕಾಲ ಚರಿತ್ರೆಯನ್ನು ಬೋಧಿಸಿದವರು. ಆ ಕಲ್ಲಿನ ಮೇಲೆ ಕುಳಿತು ಗಾಳಿ ಸೇವಿಸಿದ್ದುಂಟು. ಒಮ್ಮೆಯೂ ಬಾಗಿ ನೋಡಿದ್ದಿಲ್ಲ.

ಮುಂದಿನ ಭಾನುವಾರ ಶಾಲೆಯ ಹುಡುಗರನ್ನು ಕರೆದುಕೊಂಡು ಹೋಗಿ, ನೀರು ಹೊಯ್ದು ಮಣ್ಣನ್ನು ತೊಳೆದೆವು. ವೀರನ ಕಾಲ ಬಳಿ ಎರಡು ಸಾಲು ಅಕ್ಷರಗಳು ಕಂಡುವು. ತುರುಗಳನ್ನು ಕಾಪಾಡುತ್ತ ಕಾದಿ ಸತ್ತನೆಂಬಷ್ಟು ಓದಲಾಯಿತು. ಹೆಸರಿರಬೇಕಾದ ಎಡೆಯಲ್ಲಿ ಕುಡುಗೋಲು ಮಸೆದು ಮಸೆದು ಕಲ್ಲು ಹಳ್ಳವಾಗಿದೆ. ಅದರಲ್ಲಿ ನಮ್ಮ ಮನೆಯ ಕುಡುಗೋಲಿನ ಪಾಲೂ ಇದೆ.

ಕಲ್ಲನ್ನು ಈಗ ಎತ್ತಿ ನಿಲ್ಲಿಸಿದ್ದೇವೆ. ಹೆಸರು ಮಾತ್ರ ಮರಳಿ ಬಾರದು. ನಿಮ್ಮ ಊರಿನಲ್ಲಿಯೂ ಅಂಥದೊಂದು ಕಲ್ಲಿದ್ದೀತು. ದೂರದ ಪ್ರವಾಸಕ್ಕೆ ಹೊರಡುವ ಮೊದಲು, ಒಂದು ದಿನ ಊಟಕ್ಕೆ ಮುಂಚೆ, ಮನೆಯವರೊಡನೆ ಹೋಗಿ ಅದನ್ನು ನೋಡಿಬನ್ನಿರೆಂದು ಬೇಡುತ್ತೇವೆ.