ಉಡುಪು: ನಮ್ಮಿಚ್ಛೆ ಎಷ್ಟು, ಪರರಿಚ್ಛೆ ಎಷ್ಟು?

(ಅಲ್ಲಾಳಸಂದ್ರದಲ್ಲಿ ನಡೆದ ಸಂಘದ ವಾರ್ಷಿಕ ಸಭೆಯಲ್ಲಿ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹ ರೂಪ)



ಕಾರ್ಯದರ್ಶಿಗಳು ಫೋನ್ ಮಾಡಿ "ಟೀಚರ್, ಈ ಸಲ ಮಕ್ಕಳಿಗೆ ಉಡುಪಿನ ಬಗ್ಗೆ ನಾಲ್ಕು ಮಾತು ಹೇಳಿ" ಎಂದಾಗ ನನಗೆ ನಗು ಬಂತು. ಪರೀಕ್ಷೆ, ವಿದ್ಯಾರ್ಥಿವೇತನ, ಉದ್ಯೋಗ ಇವುಗಳ ಬಗ್ಗೆ ಮಾತನಾಡುವ ವೇದಿಕೆಯಲ್ಲಿ ಬಟ್ಟೆಯ ಮಾತೇಕೆ ಎಂದುಕೊಂಡೆ. ಫೋನ್ ಇಟ್ಟ ಮೇಲೆ 2022ನೇ ಇಸವಿ ನೆನಪಾಯಿತು. ಒಂದು ಗಜ ಬಟ್ಟೆಯ ಪ್ರಶ್ನೆಗೆ ನಮ್ಮ ರಾಜ್ಯದ ಹೆಣ್ಣುಮಕ್ಕಳು ಕಾಲೇಜಿನ ಗೇಟಿನ ಹೊರಗೆ ನಿಂತ ವರ್ಷವದು. ನಗು ಅಲ್ಲಿಗೇ ನಿಂತಿತು.

ನಾನು ಕನ್ನಡವನ್ನೂ ಉರ್ದುವನ್ನೂ ಕಲಿಸುವವಳು. ಈ ಎರಡು ಭಾಷೆಗಳು ಎಷ್ಟೋ ವಿಷಯಗಳಲ್ಲಿ ಬೇರೆ ಬೇರೆ ದಾರಿ ಹಿಡಿದರೂ ಈ ಒಂದು ವಿಷಯದಲ್ಲಿ ಒಂದೇ ಮಾತು ಹೇಳುತ್ತವೆ. ಕನ್ನಡದಲ್ಲಿ "ಊಟ ತನ್ನಿಚ್ಛೆ, ನೋಟ ಪರರಿಚ್ಛೆ" ಎನ್ನುತ್ತೇವೆ. ಉರ್ದುವಿನಲ್ಲಿ "ಖಾಇಯೆ ಮನ್ ಭಾತಾ, ಪಹನಿಯೆ ಜಗ್ ಭಾತಾ" ಎನ್ನುತ್ತೇವೆ. ಅಂದರೆ, ಮನಸ್ಸಿಗೆ ಹಿಡಿಸಿದ್ದನ್ನು ತಿನ್ನಿ, ಲೋಕಕ್ಕೆ ಒಪ್ಪುವುದನ್ನು ತೊಡಿ. ಎರಡು ಸಮುದಾಯಗಳ ಹಿರಿಯರು ಒಂದೇ ಮಾತು ಹೇಳಿದ್ದಾರೆಂದರೆ ಅದರಲ್ಲಿ ತಿರುಳಿರಲೇಬೇಕು. ಆದರೆ ಗಾದೆಗೂ ಒಂದು ಮಿತಿ ಉಂಟು. ಪರರ ಇಚ್ಛೆ ಎಲ್ಲಿಯವರೆಗೆ? ಇಚ್ಛೆ ಆಜ್ಞೆಯಾದರೆ ಏನು ಮಾಡಬೇಕು? ಇದೇ ಇಂದಿನ ನನ್ನ ವಿಷಯ.

ಮೊದಲು ನನ್ನದೇ ಒಂದು ಅನುಭವ ಹೇಳುತ್ತೇನೆ. ನಾನು ಬಿ.ಎಡ್. ಓದುವಾಗ ಅದು ಒಂದು ವರ್ಷದ ಕೋರ್ಸು. ಬೋಧನಾಭ್ಯಾಸಕ್ಕೆ ಶಾಲೆಗಳಿಗೆ ಹೋಗುವಾಗ ಮಹಿಳೆಯರು ಸೀರೆಯನ್ನೇ ಉಡಬೇಕೆಂದು ನಮ್ಮ ಕಾಲೇಜಿನಲ್ಲಿ ನಿಯಮವಿತ್ತು. ಅಲ್ಲಿಯವರೆಗೆ ನಾನು ಸಲ್ವಾರ್ ಕಮೀಜ್, ಮೇಲೊಂದು ಬುರ್ಖಾ ಬಿಟ್ಟರೆ ಬೇರೇನೂ ತೊಟ್ಟವಳಲ್ಲ. ಅಮ್ಮಿ "ಸೀರೆ ನಮ್ಮ ಉಡುಪಲ್ಲ, ಆಗುವುದಿಲ್ಲವೆಂದು ಹೇಳಿ ಬಾ" ಎಂದರು. ನಾನು ಕೋರ್ಸನ್ನೇ ಬಿಡುವ ಯೋಚನೆ ಮಾಡಿದೆ. ಮೂಲೆಯಲ್ಲಿ ತಸ್ಬೀಹ್ ಎಣಿಸುತ್ತಿದ್ದ ನಮ್ಮ ದಾದಿ ಆಗ ಬಾಯಿಬಿಟ್ಟರು: "ಅರವತ್ತು ವರ್ಷದಿಂದ ನಾನು ಸೀರೆಯನ್ನೇ ಉಡುತ್ತಿದ್ದೇನಲ್ಲ, ನನ್ನ ನಮಾಜು ಕೆಟ್ಟಿತೇನು?"

ಅಮ್ಮಿಯ ಹತ್ತಿರ ಅದಕ್ಕೆ ಉತ್ತರವಿರಲಿಲ್ಲ. ನಿಜವಾಗಿಯೂ ನಮ್ಮ ನಾಡಿನ ಎಷ್ಟೋ ಮುಸ್ಲಿಂ ಮನೆಗಳಲ್ಲಿ, ಅದರಲ್ಲೂ ಹಳ್ಳಿಗಳಲ್ಲಿ, ಹಿಂದಿನ ತಲೆಮಾರಿನ ಹೆಂಗಸರು ಸೀರೆ ಉಟ್ಟು ತಲೆಯ ಮೇಲೆ ಸೆರಗು ಹೊದ್ದವರೇ. ದಾದಿ ತಮ್ಮ ಟ್ರಂಕಿನಿಂದ ದೊಡ್ಡಬಳ್ಳಾಪುರದ ಒಂದು ಸೀರೆ ತೆಗೆದುಕೊಟ್ಟರು. ಟೈಲರ್ ಹತ್ತಿರ ಹೋಗಿ ಮಣಿಕಟ್ಟಿನವರೆಗೆ ತೋಳು, ಸೊಂಟದವರೆಗೆ ಉದ್ದ ಇರುವ ರವಿಕೆ ಹೊಲಿಸಿದೆ. ಸೆರಗನ್ನು ತಲೆಯ ಮೇಲೆ ತಂದು ಪಿನ್ ಹಾಕಿದೆ. ನಿಯಮವೂ ಉಳಿಯಿತು, ನನ್ನ ಸಂಕೋಚವೂ ಉಳಿಯಿತು. ಮೊದಲ ದಿನ ಎಂಟನೇ ತರಗತಿಯಲ್ಲಿ ತತ್ಸಮ ತದ್ಭವ ಪಾಠ ಮಾಡಿ ಮುಗಿಸಿದಾಗ ಒಬ್ಬ ಹುಡುಗ ಎದ್ದು ನಿಂತು "ಮಿಸ್, ನೀವು ಕನ್ನಡ ಮಿಸ್ಸಾ, ಉರ್ದು ಮಿಸ್ಸಾ?" ಎಂದು ಕೇಳಿದ. "ಎರಡೂ" ಎಂದೆ. ಆ ಉತ್ತರ ಕೊಡಲು ನನಗೆ ಧೈರ್ಯ ಬಂದದ್ದು ಆ ಸೀರೆಯಿಂದಲೇ ಇರಬೇಕು.

ಹೀಗೆ ಎರಡನ್ನೂ ಹೊಂದಿಸಿಕೊಂಡ ದೊಡ್ಡವರು ನಮ್ಮಲ್ಲಿ ಹಲವರಿದ್ದಾರೆ. 1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಚಿತ್ರ ನೋಡಿ. ತಲೆಯ ಮೇಲೆ ಮೈಸೂರು ಪೇಟ, ಮೈಮೇಲೆ ಉದ್ದ ಕೋಟು. ಸರ್ ಎಂ. ವಿಶ್ವೇಶ್ವರಯ್ಯನವರ ತಲೆಯ ಮೇಲಿದ್ದದ್ದೂ ಅದೇ ಬಗೆಯ ಪೇಟ. ಪೇಟ ಧರಿಸಿದ್ದರಿಂದ ಮಿರ್ಜಾ ಅವರು ಮುಸಲ್ಮಾನರಲ್ಲದೆ ಹೋಗಲಿಲ್ಲ; ಮುಸಲ್ಮಾನರಾಗಿದ್ದರಿಂದ ಪೇಟ ಅವರಿಗೆ ಪರಕೀಯವಾಗಲಿಲ್ಲ. ಅದು ಆ ಸಂಸ್ಥಾನದ ಉಡುಪು, ಅವರು ಆ ಸಂಸ್ಥಾನದವರು.

ಇನ್ನೊಬ್ಬರು ನಮ್ಮ ನೆರೆಯ ದೇವನಹಳ್ಳಿಯಲ್ಲಿ 1936ರಲ್ಲಿ ಹುಟ್ಟಿದ ಕವಿ ಕೆ.ಎಸ್. ನಿಸಾರ್ ಅಹಮದ್. ಭೂವಿಜ್ಞಾನದ ಅಧ್ಯಾಪಕರು. ಕವಿಯೆಂದರೆ ಜುಬ್ಬಾ, ಹೆಗಲಿಗೊಂದು ಚೀಲ ಎಂದು ಜನ ತಿಳಿದಿದ್ದ ಕಾಲದಲ್ಲಿ ಇವರು ಸೂಟು, ಟೈಗಳಲ್ಲೇ ಹೆಚ್ಚಾಗಿ ಕಾಣಿಸಿಕೊಳ್ಳುತ್ತಿದ್ದರು. ಅವರ ಒಂದು ಪ್ರಸಿದ್ಧ ಕವಿತೆಯ ಹೆಸರು "ನಿಮ್ಮೊಡನಿದ್ದೂ ನಿಮ್ಮಂತಾಗದೆ". ಆ ಹೆಸರನ್ನು ಒಮ್ಮೆ ಮೆಲ್ಲಗೆ ಹೇಳಿಕೊಳ್ಳಿ. ಜೊತೆಯಲ್ಲಿಯೂ ಇರಬೇಕು, ತಾನು ತಾನಾಗಿಯೂ ಇರಬೇಕು. ಅದು ಸುಲಭವಲ್ಲ ಎಂಬುದನ್ನು ಅವರು ಬಲ್ಲವರಾಗಿದ್ದರು. ಆದರೂ ಜೊತೆ ಬಿಡಲಿಲ್ಲ. ನಾಡೆಲ್ಲ ಹಾಡುವ "ನಿತ್ಯೋತ್ಸವ"ವನ್ನು ಬರೆದವರೂ ಅವರೇ.

ಈಗ ಕಷ್ಟದ ಮಾತಿಗೆ ಬರುತ್ತೇನೆ. ನನ್ನ ಸೀರೆಯ ಕತೆ ಸುಖವಾಗಿ ಮುಗಿಯಿತು, ಏಕೆಂದರೆ ಆ ನಿಯಮದೊಳಗೆ ನನಗೊಂದು ಜಾಗವಿತ್ತು. ಜಾಗವೇ ಇಲ್ಲದಿದ್ದರೆ? 2021ರ ಕೊನೆಯಲ್ಲಿ ಉಡುಪಿಯ ಸರ್ಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಲ್ಲಿ ಆರಂಭವಾದ ಹಿಜಾಬ್ ಪ್ರಶ್ನೆ ಕೆಲವೇ ವಾರಗಳಲ್ಲಿ ರಾಜ್ಯವನ್ನೆಲ್ಲ ಆವರಿಸಿತು. 2022ರ ಫೆಬ್ರುವರಿ 5ರಂದು ಸಮವಸ್ತ್ರದ ಬಗ್ಗೆ ಸರ್ಕಾರದ ಆದೇಶ ಬಂತು. ಮಾರ್ಚ್ 15ರಂದು ಹೈಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಆ ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಒಬ್ಬರಿಗೊಬ್ಬರು ಭಿನ್ನವಾದ ತೀರ್ಪು ನೀಡಿದರು. ನ್ಯಾಯಮೂರ್ತಿ ಹೇಮಂತ್ ಗುಪ್ತಾ ಆದೇಶವನ್ನು ಒಪ್ಪಿದರೆ, ನ್ಯಾಯಮೂರ್ತಿ ಸುಧಾಂಶು ಧೂಲಿಯಾ ಒಪ್ಪಲಿಲ್ಲ. ಅಷ್ಟು ದೊಡ್ಡ ನ್ಯಾಯಾಲಯದಲ್ಲೇ ಎರಡು ಅಭಿಪ್ರಾಯ ಇದ್ದ ಮೇಲೆ ನಿಮ್ಮ ಮನಸ್ಸಿನಲ್ಲೂ ಎರಡು ಅಭಿಪ್ರಾಯ ಇದ್ದರೆ ಅದಕ್ಕೆ ನಾಚಬೇಕಾಗಿಲ್ಲ.

ನಾನು ವಕೀಲೆಯಲ್ಲ. ಆದರೆ ಶಿಕ್ಷಕಿಯಾಗಿ ನನ್ನ ಅನಿಸಿಕೆಯನ್ನು ಮುಚ್ಚಿಡುವುದಿಲ್ಲ. ಸಮವಸ್ತ್ರ ಒಳ್ಳೆಯದು. ಬಡವರ ಮಗುವೂ ಸಾಹುಕಾರರ ಮಗುವೂ ಒಂದೇ ಬೆಂಚಿನಲ್ಲಿ ಒಂದೇ ಬಣ್ಣದಲ್ಲಿ ಕೂರಬೇಕೆಂಬುದು ಅದರ ಉದ್ದೇಶ. ಸಮವಸ್ತ್ರದ ಬಣ್ಣದ್ದೇ ದುಪಟ್ಟಾ ತಲೆಯ ಮೇಲಿದ್ದರೆ ಆ ಉದ್ದೇಶ ಕೆಡುವುದಿಲ್ಲ. ಕೇಂದ್ರೀಯ ವಿದ್ಯಾಲಯಗಳಲ್ಲಿ ಸಮವಸ್ತ್ರಕ್ಕೆ ಹೊಂದುವ ಬಣ್ಣದ ಸ್ಕಾರ್ಫಿಗೆ ಅವಕಾಶವಿದೆ ಎಂಬ ವಾದವನ್ನು ಹೈಕೋರ್ಟಿನ ಮುಂದೆಯೂ ಇಡಲಾಗಿತ್ತು. ಹೀಗೆ ನಡುವಿನ ದಾರಿ ಇದ್ದೇ ಇರುತ್ತದೆ. ಅದನ್ನು ಹುಡುಕುವ ತಾಳ್ಮೆ ಎರಡೂ ಕಡೆಯವರಿಗೆ ಬೇಕು.

ಆ ವರ್ಷ ನನ್ನ ಹಳೆಯ ವಿದ್ಯಾರ್ಥಿನಿಯರಲ್ಲಿ ಮೂವರು ಗೆಳತಿಯರು ಒಂದೇ ಕಾಲೇಜಿನಲ್ಲಿದ್ದರು. ಒಬ್ಬಳು ಗೇಟಿನವರೆಗೆ ಹಿಜಾಬ್ ಹಾಕಿಕೊಂಡು ಹೋಗಿ, ತೆಗೆದು ಬ್ಯಾಗಿನಲ್ಲಿಟ್ಟು ತರಗತಿಗೆ ಹೋದಳು. ಇನ್ನೊಬ್ಬಳು ಟಿ.ಸಿ. ಪಡೆದು ಬೇರೆ ಕಾಲೇಜು ಸೇರಿದಳು. ಮೂರನೆಯವಳು ಮನೆಯಲ್ಲೇ ಉಳಿದಳು. ಲೆಕ್ಕಶಾಸ್ತ್ರದಲ್ಲಿ ಮೂವರ ಪೈಕಿ ಇವಳೇ ಚುರುಕು. ಕಳೆದ ವರ್ಷ ಇವಳ ತಾಯಿ ಅಂಗಡಿಯಲ್ಲಿ ಸಿಕ್ಕಿ, ಮಗಳು ಸೀರೆಗೆ ಕುಚ್ಚು ಕಟ್ಟುತ್ತಿದ್ದಾಳೆ ಎಂದರು. ಕುಚ್ಚು ಕಟ್ಟುವುದು ಮರ್ಯಾದೆಯ ದುಡಿಮೆ, ಆದರೆ ಅದು ಅವಳು ಆರಿಸಿಕೊಂಡದ್ದಲ್ಲ. ನನಗೆ ಚುಚ್ಚಿದ್ದು ಬೇರೆಯದೇ. ಅವಳು ಮನೆಯಲ್ಲಿ ಕುಳಿತ ದಿನಗಳಲ್ಲಿ ನಾನು ಅವಳ ಮನೆಗೆ ಹೋಗಲಿಲ್ಲ. ಹೋಗಿ ಏನು ಹೇಳುವುದು, ಹೇಳಿದರೆ ಯಾರು ಏನೆಂದುಕೊಳ್ಳುತ್ತಾರೋ ಎಂದು ಹೆದರಿದೆ. ನಾನು ಹೆದರಿದ್ದು "ನೋಟ ಪರರಿಚ್ಛೆ" ಎಂಬುದಕ್ಕೇ! ಕೊನೆಗೂ ಹೋದೆ. ಈಗ ಅವಳು ಎನ್.ಐ.ಒ.ಎಸ್. ಮೂಲಕ ಹನ್ನೆರಡನೇ ತರಗತಿಗೆ ಓದುತ್ತಿದ್ದಾಳೆ. ಕಳೆದುಹೋದ ವರ್ಷಗಳಲ್ಲಿ ನನ್ನ ಪಾಲೂ ಇದೆ ಎಂದು ಈ ಸಭೆಯ ಮುಂದೆ ಒಪ್ಪಿಕೊಳ್ಳುತ್ತೇನೆ.

2023ರಲ್ಲಿ ದ್ವಿತೀಯ ಪಿಯುಸಿ ಕಲಾ ವಿಭಾಗದಲ್ಲಿ 600ಕ್ಕೆ 593 ಅಂಕ ಗಳಿಸಿ ರಾಜ್ಯಕ್ಕೆ ಮೊದಲಿಗಳಾದ ಬೆಂಗಳೂರಿನ ತಬಸ್ಸುಮ್ ಶೇಖ್, ಕಾಲೇಜಿನಲ್ಲಿ ಹಿಜಾಬ್ ತೆಗೆದಿಟ್ಟು ತರಗತಿಗೆ ಹೋಗುತ್ತಿದ್ದುದಾಗಿ ಹೇಳಿದ್ದರು. ನಾನು ಅವರನ್ನು ಮೆಚ್ಚುತ್ತೇನೆ. ತೆಗೆಯಲು ಮನಸ್ಸೊಪ್ಪದೆ ಬೇರೆ ಕಾಲೇಜು ಹುಡುಕಿದವಳನ್ನೂ ಮೆಚ್ಚುತ್ತೇನೆ. ಇಬ್ಬರೂ ಓದು ಬಿಡಲಿಲ್ಲ. ಉಡುಪಿನ ಪ್ರಶ್ನೆಗೆ ನೀವು ಯಾವ ಉತ್ತರವನ್ನಾದರೂ ಆರಿಸಿಕೊಳ್ಳಿ, ಓದು ಬಿಡುವುದು ಮಾತ್ರ ಆ ಉತ್ತರಗಳಲ್ಲಿ ಒಂದಾಗದಿರಲಿ.

ಪೋಷಕರು ನೆನಪಿಡಬೇಕಾದ ಒಂದು ಸಂಗತಿಯಿದೆ. ಕರ್ನಾಟಕದ 1995ರ ಶಿಕ್ಷಣ ಸಂಸ್ಥೆಗಳ ನಿಯಮಗಳಲ್ಲಿ 11ನೇ ನಿಯಮ ಸಮವಸ್ತ್ರಕ್ಕೆ ಸಂಬಂಧಿಸಿದ್ದು. ಅದರಂತೆ ಒಮ್ಮೆ ಗೊತ್ತುಪಡಿಸಿದ ಸಮವಸ್ತ್ರವನ್ನು ಐದು ವರ್ಷಗಳೊಳಗೆ ಬದಲಿಸುವಂತಿಲ್ಲ. ಬದಲಿಸಬೇಕೆಂದರೆ ಪೋಷಕರಿಗೆ ಒಂದು ವರ್ಷ ಮೊದಲೇ ತಿಳಿಸಬೇಕು. ದಾಖಲಾತಿಗೆ ಮೊದಲೇ ಸಮವಸ್ತ್ರ ಯಾವುದು, ದುಪಟ್ಟಾ ಇದೆಯೇ, ತುಂಬು ತೋಳು ಹೊಲಿಸಬಹುದೇ ಎಂದು ಕೇಳಿ ತಿಳಿದುಕೊಳ್ಳಿ. ಜೂನ್ ತಿಂಗಳಲ್ಲಿ ನಗುನಗುತ್ತಾ ಕೇಳಿದ ಪ್ರಶ್ನೆ ಡಿಸೆಂಬರಿನ ಜಗಳವನ್ನು ತಪ್ಪಿಸುತ್ತದೆ. ಕೇಳಬೇಕಾದ್ದನ್ನು ಬಿಳಿ ಹಾಳೆಯಲ್ಲಿ ಬರೆದು, ಸಹಿ ಹಾಕಿ, ಮುಖ್ಯೋಪಾಧ್ಯಾಯರ ಕೈಗೆ ಕೊಡಿ.

ಕೇಳಿದರೆ ನಿಯಮಗಳೂ ಬದಲಾಗುತ್ತವೆ. 2011ರಲ್ಲಿ ತಲೆ ಮುಚ್ಚಿಕೊಂಡಿದ್ದ ಕಾರಣಕ್ಕೆ ಇರಾನಿನ ಮಹಿಳಾ ಫುಟ್‌ಬಾಲ್ ತಂಡ ಒಲಿಂಪಿಕ್ಸ್ ಅರ್ಹತಾ ಪಂದ್ಯವನ್ನೇ ಕಳೆದುಕೊಂಡಿತು. ಕುತ್ತಿಗೆಗೆ ಬಿಗಿದರೆ ಅಪಾಯ ಎಂಬುದು ಒಂದು ಆಕ್ಷೇಪಣೆಯಾಗಿತ್ತು. ಹಾಗಾದರೆ ಅಪಾಯವಿಲ್ಲದ ವಿನ್ಯಾಸ ಮಾಡೋಣ ಎಂದು ಕೆಲವರು ಪ್ರಯತ್ನಪಟ್ಟರು. 2014ರಲ್ಲಿ ಫಿಫಾ ಒಪ್ಪಿತು. 2016ರ ರಿಯೊ ಒಲಿಂಪಿಕ್ಸಿನಲ್ಲಿ ಅಮೆರಿಕದ ಇಬ್ತಿಹಾಜ್ ಮುಹಮ್ಮದ್ ಹಿಜಾಬ್ ಧರಿಸಿಯೇ ಕತ್ತಿವರಸೆಯಲ್ಲಿ ತಂಡದೊಂದಿಗೆ ಕಂಚು ಗೆದ್ದರು. ಉಳಿದ ಉಡುಪೆಲ್ಲ ಜೊತೆಗಾರ್ತಿಯರದ್ದೇ.

ಇಷ್ಟು ಹೊರಗಿನವರ ಬಗ್ಗೆ ಆಯಿತು. ನಮ್ಮೊಳಗಿನ ಮಾತನ್ನೂ ಆಡಬೇಕು. ತಲೆ ಮುಚ್ಚಿದವಳನ್ನು ಹೊರಗಿನವರು ಹಂಗಿಸಿದರೆ ನಮಗೆ ನೋವಾಗುತ್ತದೆ. ಮುಚ್ಚದವಳನ್ನು ನಾವೇ ಹಂಗಿಸುವಾಗ ಆ ನೋವು ಎಲ್ಲಿ ಹೋಗುತ್ತದೆ? ನನ್ನ ತರಗತಿಯಲ್ಲೇ ಒಬ್ಬಳು "ಅವಳದ್ದೆಂಥ ಉಡುಪು" ಎಂದು ಇನ್ನೊಬ್ಬಳ ಕಡೆ ಬೆರಳು ತೋರಿಸಿದ್ದನ್ನು ಕಂಡಿದ್ದೇನೆ. ನಮ್ಮ ಇಚ್ಛೆಗೆ ಗೌರವ ಬೇಕಾದರೆ ಪಕ್ಕದವಳ ಇಚ್ಛೆಗೂ ಗೌರವ ಕೊಡಬೇಕು. ಹುಡುಗರೇ, ಇದು ನಿಮಗೂ ಸೇರಿದ ಮಾತು. ಮೊಣಕಾಲಲ್ಲಿ ಹರಿದ ಜೀನ್ಸ್ ತೊಟ್ಟ ಅಣ್ಣ ತಂಗಿಯ ದುಪಟ್ಟಾ ಎಷ್ಟು ಜಾರಿದೆ ಎಂದು ಅಳೆಯುವುದು ನ್ಯಾಯವಲ್ಲ. ಅದೇ ಜೀನ್ಸಿನಲ್ಲಿ ಜುಮ್ಮಾ ನಮಾಜಿಗೆ ಬಂದು ರುಕೂವಿನಲ್ಲಿ ಹಿಂದಿನ ಸಾಲಿನವರಿಗೆ ಮುಜುಗರ ಮಾಡುವುದೂ ಚೆಂದವಲ್ಲ.

ಕೊನೆಯದಾಗಿ ದಿನನಿತ್ಯದ ಮಾತು. ಬಟ್ಟೆ ಆರಿಸುವಾಗ ಮೊದಲು ಹೋಗುವ ಜಾಗ ನೋಡಿ. ಪ್ರಯೋಗಾಲಯಕ್ಕೆ ಹತ್ತಿ ಬಟ್ಟೆಯೇ ಕ್ಷೇಮ. ಬರ್ನರ್ ಹತ್ತಿರ ನೈಲಾನ್ ದುಪಟ್ಟಾ ಇಳಿಬಿಟ್ಟು ನಿಲ್ಲಬೇಡಿ, ಪಿನ್ ಹಾಕಿ. ದ್ವಿಚಕ್ರ ವಾಹನದಲ್ಲಿ ಕೂತಾಗ ದುಪಟ್ಟಾ, ಬುರ್ಖಾದ ಅಂಚು ಚಕ್ರಕ್ಕೆ ಸಿಕ್ಕದಂತೆ ಮಡಿಲಿಗೆ ಎಳೆದುಕೊಳ್ಳಿ, ಇದು ಪ್ರಾಣದ ವಿಷಯ. ಸಂದರ್ಶನಕ್ಕೆ ಹೊಸ ಬಟ್ಟೆಯೇ ಬೇಕೆಂದಿಲ್ಲ. ಒಗೆದು ಇಸ್ತ್ರಿ ಮಾಡಿದ ಹಳೆಯದು ಸಾಕು. ನಿಮ್ಮ ಅಭಿರುಚಿಯನ್ನು ಬಣ್ಣದಲ್ಲಿ, ಕಸೂತಿಯಲ್ಲಿ, ಹೊಲಿಗೆಯ ಅಚ್ಚುಕಟ್ಟಿನಲ್ಲಿ ತೋರಿಸಿ. ಕಾಲೇಜಿನ ಸಮಾರಂಭಕ್ಕೆ ಗೆಳತಿಯರೆಲ್ಲ ಸೀರೆ ಎಂದು ತೀರ್ಮಾನಿಸಿದರೆ ನಮ್ಮ ದಾದಿಯ ಉಪಾಯ ನೆನಪಿಸಿಕೊಳ್ಳಿ. ಗುಂಪಿನಲ್ಲಿ ಒಬ್ಬಳಿಗೆ ಹೊಸ ಸೀರೆ ಕೊಳ್ಳುವ ಶಕ್ತಿಯಿಲ್ಲದಿದ್ದರೆ ಅವಳು ಜ್ವರವೆಂದು ಸುಳ್ಳು ಹೇಳಿ ಮನೆಯಲ್ಲುಳಿಯುವ ಮೊದಲೇ ನಿಮ್ಮ ಮನೆಯದೊಂದನ್ನು ಅವಳಿಗೆ ಕೊಡಿ.

ಒಂದು ಹಳೆಯ ಕತೆ ನಿಮಗೆ ಗೊತ್ತು. ಕೆಲವರು ಮುಲ್ಲಾ ನಸ್ರುದ್ದೀನನದೆನ್ನುತ್ತಾರೆ, ಕೆಲವರು ಶೇಖ್ ಸಾದಿಯದೆನ್ನುತ್ತಾರೆ. ಹಳೆ ಬಟ್ಟೆಯಲ್ಲಿ ಔತಣಕ್ಕೆ ಹೋದಾಗ ಯಾರೂ ಕೇಳಲಿಲ್ಲ. ಒಳ್ಳೆಯ ಕೋಟು ತೊಟ್ಟು ಹೋದಾಗ ಎಲ್ಲರೂ ಎದ್ದು ನಿಂತರು. ಆತ ಕೂತು ಅನ್ನವನ್ನು ಕೋಟಿನ ಜೇಬಿಗೆ ತುಂಬತೊಡಗಿದ. ಮರ್ಯಾದೆ ಸಿಕ್ಕಿದ್ದು ಕೋಟಿಗಲ್ಲವೇ! ಇದನ್ನು ಕೇಳಿ ನಾವು ಔತಣ ಕೊಟ್ಟವರನ್ನು ನೋಡಿ ನಗುತ್ತೇವೆ. ಆದರೆ ಎಷ್ಟೋ ಬಾರಿ ಆ ಮನೆಯ ಯಜಮಾನರು ನಾವೇ ಆಗಿರುತ್ತೇವೆ. ಉಡುಪು ನೋಡಿ ಬಾಗಿಲು ತೆರೆಯುತ್ತೇವೆ, ಉಡುಪು ನೋಡಿ ಬಾಗಿಲು ಹಾಕುತ್ತೇವೆ.

ಈ ಸಭೆಯಿಂದ ಮನೆಗೆ ಹೋಗುವ ದಾರಿಯಲ್ಲಿ, ನಿಮ್ಮ ಬೀದಿಯಲ್ಲಿ ಓದು ನಿಲ್ಲಿಸಿ ಕೂತ ಹುಡುಗಿ ಯಾರಿದ್ದಾಳೆ ಎಂದು ಒಮ್ಮೆ ಯೋಚಿಸಿ. ಅವಳು ಏನು ತೊಟ್ಟಿದ್ದಾಳೆಂದು ಕೇಳಬೇಡಿ. ಏನು ಓದಬೇಕೆಂದಿದ್ದಳು ಎಂದು ಕೇಳಿ. ನಾನು ತಡವಾಗಿ ಹೋದೆ, ನೀವು ತಡಮಾಡಬೇಡಿ.